ಏಳು ದಿನ ಬಿಡಿ ಎಂದವರು

ಅವರ ಹತ್ತು ಬೆರಳುಗಳ ತುದಿಯೂ ಸುಲಿದು ಬೆಳ್ಳಗಾಗಿತ್ತು. ದಿನಾ ಮನೆಮನೆಯ ಗೋಡೆಗೆ ಔಷಧದ ನೀರು ಎರಚಿ ಎರಚಿ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು, ಕೆಳಗಿನ ಕೆಂಪು ಕಾಣುತ್ತಿತ್ತು. ಅದಕ್ಕೇ ಅವರು ಯಾವುದನ್ನೂ ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ. ನೀರಿನ ಚೊಂಬನ್ನು ಎರಡು ಅಂಗೈಗಳ ನಡುವೆ ಒತ್ತಿ ಎತ್ತುತ್ತಿದ್ದರು. ಪುಸ್ತಕದ ಹಾಳೆಯನ್ನು ಕಿರುಬೆರಳಿನ ಪಕ್ಕದಿಂದ ಸರಿಸುತ್ತಿದ್ದರು. ಹತ್ತಿರ ಬಂದರೆ ಫಿನಾಯಿಲಿನ ವಾಸನೆ. ಆ ವಾಸನೆ ನಮ್ಮ ಬೀದಿಗೆ ಬಂತೆಂದರೆ ಹೆಂಗಸರು ಒಳಗಿಂದ ಅಗುಳಿ ಹಾಕಿಕೊಳ್ಳುತ್ತಿದ್ದರು.

ಅವರು ಅಜ್ಜಂಪುರದ ಪ್ಲೇಗ್ ಇನ್ಸ್‌ಪೆಕ್ಟರು. ಮೊಮ್ಮಕ್ಕಳೇ, ನಿಮ್ಮಪ್ಪ ಹೇಳುವ ಕಥೆಯಲ್ಲಿ ಅವರು 'ತಲೆಕೆಟ್ಟ ಇನ್ಸ್‌ಪೆಕ್ಟರು', ನಿಮ್ಮ ದೊಡ್ಡಜ್ಜಿಯ ಮದುವೆಮನೆಗೆ ಮಾರಿ ಬಿಟ್ಟವರು. ನಮ್ಮ ಮನೆಯಲ್ಲಿ ಎಲ್ಲರೂ ಆ ಕಥೆಯನ್ನು ಹಾಗೆಯೇ ಹೇಳುತ್ತಾರೆ. ಅದರಲ್ಲಿ ಒಂದು ಮಾತು ಸುಳ್ಳು. ಯಾವುದು ಎಂದು ಗೊತ್ತಿರುವವಳು ಈಗ ನಾನೊಬ್ಬಳೇ. ನಾಲ್ಕು ಜನರ ಎದುರು ಮಾತಾಡುವುದು ನನಗೆ ಎಂದೂ ಬರಲಿಲ್ಲ. ಬರೆಯುವುದು ಸ್ವಲ್ಪ ಬರುತ್ತದೆ.

ಆಗ ನಾವು ಅಜ್ಜಂಪುರದ ಪೇಟೆಬೀದಿಯಲ್ಲಿದ್ದೆವು. ಅಪ್ಪನದು ಜೋಳ, ಕಡಲೆ, ಹುರುಳಿಯ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಕಾಳಿನ ಚೀಲ ಒಟ್ಟುವ ಕೋಣೆ. ಇನ್ಸ್‌ಪೆಕ್ಟರು ಬಂದಾಗ ನನಗೆ ಎಂಟು ವರ್ಷ. ಊರಿನಲ್ಲಿ ಯಾರೂ ಅವರಿಗೆ ಮನೆ ಕೊಡಲಿಲ್ಲ. ಅವರ ಜಾತಿ ಯಾವುದೆಂದೇ ತಿಳಿಯಲಿಲ್ಲ. ಬಲದಿಂದ ಎಡಕ್ಕೆ ಓದುತ್ತಾರೆ, ಹಾಗಾದರೆ ಸಾಬರು ಎಂದರು. ಮಸೀದಿಗೆ ಹೋಗುವುದಿಲ್ಲ, ಹಾಗಾದರೆ ಪಾದ್ರಿಗಳ ಕಡೆಯವರು ಎಂದರು. ಭಾನುವಾರವೂ ಕೆಲಸ ಮಾಡುತ್ತಾರಲ್ಲ ಎಂದು ಅದನ್ನೂ ಬಿಟ್ಟರು. ಕೊನೆಗೆ ಅಪ್ಪನೇ ನೇರ ಕೇಳಿದ.

"ನಾವು ಯೆಹೂದಿಗಳು, ಸಾವಕಾರ್ರೇ. ಕೊಂಕಣದ ಕಡೆಯೋರು. ನಮ್ಮಜ್ಜ ಗಾಣ ಆಡಿಸ್ತಿದ್ದ. ಶನಿವಾರ ಎತ್ತು ಕಟ್ತಿರಲಿಲ್ಲ. ಅದಕ್ಕೆ ಅಲ್ಲೆಲ್ಲಾ ನಮಗೆ ಶನಿವಾರದ ಗಾಣಿಗರು ಅಂತಾರೆ."

"ಮಾಂಸ ತಿಂತೀರೇನು?"

"ತಿನ್ನೋ ಜಾತಿಯೇ. ಆದರೆ ನಮ್ಮ ಶಾಸ್ತ್ರದ ಪ್ರಕಾರ ಕೊಯ್ಯೋನು ಈ ಸೀಮೇಲಿ ಒಬ್ಬನೂ ಇಲ್ಲ. ಹಾಗಾಗಿ ನಾನೂ ನಿಮ್ಮ ಹಾಗೇ, ಸೊಪ್ಪು ಸಾರು."

ಅಪ್ಪ ನಕ್ಕು, ನಮ್ಮ ಎದುರಿಗಿದ್ದ ಖಾಲಿ ಕೋಣೆ ಕೊಟ್ಟ. ಅವತ್ತಿನಿಂದ ಊರಿಗೆ ಅವರು 'ಶನಿವಾರದ ಇನ್ಸ್‌ಪೆಕ್ಟರು'. ಮನೆಯವರು ಎಲ್ಲಿ ಎಂದು ಅವ್ವ ಒಮ್ಮೆ ಕೇಳಿದಳು. "ಇದ್ದರು" ಎಂದರು, ಅಷ್ಟೇ. ಅವ್ವ ಮತ್ತೆ ಕೇಳಲಿಲ್ಲ.

ಆ ಕಾಲದ ಪ್ಲೇಗು ನಿಮಗೆ ಗೊತ್ತಿಲ್ಲ. ಮೊದಲು ಇಲಿ ಬೀಳುತ್ತಿತ್ತು. ಹಾಡುಹಗಲಲ್ಲಿ, ಮನುಷ್ಯರ ಭಯವಿಲ್ಲದೆ ನಡುಮನೆಗೆ ಬಂದು, ಕುಡಿದವರಂತೆ ಸುತ್ತು ಹಾಕಿ, ಮಗುಚಿ ಬೀಳುತ್ತಿತ್ತು. ಆಮೇಲೆ ಮನುಷ್ಯರು. ಇಲಿ ಬಿದ್ದ ಮನೆಯವರು ಇನ್ಸ್‌ಪೆಕ್ಟರಿಗೆ ಹೇಳಬೇಕೆಂದು ಸರ್ಕಾರದ ಹುಕುಂ. ಅವರು ಬಂದು ನೋಡಿ "ಖಾಲಿ ಮಾಡಿ" ಎಂದರೆ ಮುಗಿಯಿತು. ಮನೆಯವರೆಲ್ಲ ಊರಾಚೆ ಕೆರೆ ಏರಿಯ ಕೆಳಗಿನ ಗುಡಿಸಲುಗಳಿಗೆ ಹೋಗಬೇಕು. ಮನೆಯ ಹೆಂಚು ತೆಗೆಸಿ ಬಿಸಿಲು ಬಿಡಿಸುತ್ತಿದ್ದರು. ಗೋಡೆಗೆ ಔಷಧ. ಒಳಗಿದ್ದ ಹಳೆ ಕಂಬಳಿ, ಚಾಪೆ, ಮರದ ಸಾಮಾನು ಬೆಂಕಿಗೆ. ಆ ಒಂದು ಮಾತಿಗೆ ಹೆದರಿ ಜನ ಇಲಿ ಮುಚ್ಚಿಡುತ್ತಿದ್ದರು, ಹೆಣವನ್ನೂ ಮುಚ್ಚಿಡುತ್ತಿದ್ದರು.

ಶುಕ್ರವಾರ ಹೊತ್ತು ಮುಳುಗುವ ಮುಂಚೆ ಅವರು ಎಳ್ಳೆಣ್ಣೆಯ ಎರಡು ದೀಪ ಹಚ್ಚಿಡುತ್ತಿದ್ದರು. ಮರುದಿನ ಸಂಜೆಯವರೆಗೆ ಬೆಂಕಿ ಮುಟ್ಟುತ್ತಿರಲಿಲ್ಲ. ಒಣಗಿದ ರೊಟ್ಟಿ, ಮೊಸರು. ಶನಿವಾರ ಇಳಿಹೊತ್ತಿಗೆ ತಲೆಗೆ ಟೋಪಿ ಹಾಕಿಕೊಂಡು ಜಗಲಿಯಲ್ಲಿ ಪುಸ್ತಕ ಬಿಚ್ಚಿ ಕೂರುತ್ತಿದ್ದರು. ಅದಕ್ಕೆ ತೋರಾ ಎಂದು ಹೆಸರು. ಒಂದು ಕಡೆ ಅವರ ದೇವಭಾಷೆ, ಇನ್ನೊಂದು ಕಡೆ ಮರಾಠಿ. ಅದನ್ನು ವಾರಕ್ಕೊಂದು ಪಾಠದಂತೆ ವರ್ಷಕ್ಕೆ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡುತ್ತಾರಂತೆ. ಜೊತೆಗೆ ಓದಲು ಅವರ ಜನ ಯಾರೂ ಇರಲಿಲ್ಲ. ಬೀದಿಯ ಮಕ್ಕಳು ನಾವು ಏಳೆಂಟು ಜನ ಹೋಗಿ ಕೂರುತ್ತಿದ್ದೆವು. ಬೆಲ್ಲಕ್ಕಾಗಿ. ಆ ಜಗಲಿಯ ಕಟ್ಟಳೆಯೇ ತಲೆಕೆಳಗು: ಪ್ರಶ್ನೆ ಕೇಳಿದವರಿಗೆ ಬೆಲ್ಲ, ಉತ್ತರ ಹೇಳಿದವರಿಗೆ ಏನೂ ಇಲ್ಲ.

"ಉತ್ತರ ನನ್ನ ಹತ್ತಿರ ಬೇಕಾದಷ್ಟಿದೆ" ಎನ್ನುತ್ತಿದ್ದರು. "ಸಾವಿರ ವರ್ಷದಿಂದ ನಮ್ಮ ಹಿರಿಯರು ಬರೆದಿಟ್ಟಿದಾರೆ. ಹೊಸ ಪ್ರಶ್ನೆ ತನ್ನಿ, ಬಾಳಾ." ಬಾಳ ಎಂದರೆ ಅವರ ಕಡೆ ಮಗು.

ಇನ್ನೊಂದು ಪದ್ಧತಿಯಿತ್ತು. ಒಳ್ಳೆಯ ಪ್ರಶ್ನೆಗೆ ಅವರು ಅವತ್ತೇ ಪೂರ್ತಿ ಉತ್ತರ ಹೇಳುತ್ತಿರಲಿಲ್ಲ. ಅರ್ಧ ಹೇಳಿ, "ಯಾಕೆ ಹಾಗೆ? ಮುಂದಿನ ಶನಿವಾರದ ತನಕ ತಲೇಲಿ ಇಟ್ಕೊಳ್ಳಿ" ಎಂದು ಪುಸ್ತಕ ಮುಚ್ಚುತ್ತಿದ್ದರು. ಅವರಪ್ಪ ಅವರಿಗೆ ಕಲಿಸಿದ್ದು ಹಾಗೆಯೇ ಅಂತೆ. ಪ್ರಶ್ನೆ ಒಂದು ವಾರ ಒಳಗೆ ಇದ್ದರೆ ಹದವಾಗುತ್ತದೆ ಎಂದು ಅವರ ನಂಬಿಕೆ.

ನಾನು ಎರಡು ವರ್ಷ ಆ ಜಗಲಿಯ ಕೊನೆಯ ಕಂಬಕ್ಕೆ ಒರಗಿ ಕೂತೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ಎಲ್ಲರೂ ಹೋದ ಮೇಲೆ ಒಂದು ಚೂರು ಬೆಲ್ಲವನ್ನು ಕಂಬದ ಹತ್ತಿರ ಇಟ್ಟು ಒಳಗೆ ಹೋಗುತ್ತಿದ್ದರು.

ಅವರ ಪುಸ್ತಕದಲ್ಲಿ ಒಂದು ಪಾಠವಿದೆ, ಯುಗಾದಿಯ ಆಸುಪಾಸಿಗೆ ಬರುತ್ತದೆ. ಮೈಮೇಲೆ ಬಿಳಿ ಮಚ್ಚೆ ಎದ್ದರೆ ಏನು ಮಾಡಬೇಕು, ಬಟ್ಟೆಯಲ್ಲಿ ಎದ್ದರೆ ಏನು, ಮನೆಯ ಗೋಡೆಯಲ್ಲಿ ಹಸಿರು ಕೆಂಪು ಗೆರೆ ಎದ್ದರೆ ಏನು ಎಂದು. ವೈದ್ಯನಲ್ಲ, ಪೂಜಾರಿ ಬಂದು ನೋಡಬೇಕು. ಅವನು ಬಾಯಿಬಿಟ್ಟು ಮೈಲಿಗೆ ಎನ್ನುವವರೆಗೆ ಅದು ಮೈಲಿಗೆಯಲ್ಲ. ಮೊದಲ ವರ್ಷ ಈ ಪಾಠ ಬಂದಾಗ ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿದೆವು. ನಮ್ಮ ಊರಿನ ಕಥೆಯನ್ನೇ ಹೇಳಿದ ಹಾಗಿತ್ತು.

"ಮನೆ ಯಜಮಾನ ತಾನೇ ಹೋಗಿ ಹೇಳಬೇಕು" ಎಂದರು. "ರೋಗ ಇದೆ ಅಂತ ಹೇಳೋ ಹಾಗಿಲ್ಲ. ರೋಗದ ಹಾಗೆ ಏನೋ ಕಂಡಿದೆ ಅನ್ನಬೇಕು. ಎಷ್ಟೇ ಓದಿದೋನಾಗಿರಲಿ, ತನ್ನ ಬಾಯಿಂದ ತೀರ್ಪು ಹೇಳೋ ಹಾಗಿಲ್ಲ."

ನಮ್ಮ ಪಕ್ಕದ ಮನೆಯ ಹುಡುಗಿ, ನನಗಿಂತ ಎರಡು ವರ್ಷ ದೊಡ್ಡವಳು, ಮಹಾ ಬಾಯಾಳಿ. "ಆ ಪೂಜಾರಿಗೇ ಮಚ್ಚೆ ಎದ್ರೆ ಯಾರ್ರೀ ನೋಡೋದು?" ಎಂದಳು.

ಇನ್ಸ್‌ಪೆಕ್ಟರು ತೊಡೆ ತಟ್ಟಿದರು. "ಶಾಬಾಷ್! ನಮ್ಮ ಹಿರಿಯರೂ ಇದನ್ನೇ ಕೇಳಿದಾರೆ ಕಣೇ. ಎಲ್ಲರದ್ದನ್ನೂ ನೋಡಬಹುದು, ತನ್ನದನ್ನ ಮಾತ್ರ ತಾನು ನೋಡ್ಕೊಳ್ಳೋ ಹಾಗಿಲ್ಲ."

"ಗೆರೆ ಎದ್ದ ಗೋಡೆ ಒಡೆಸ್ತಾರಲ್ಲ, ಒಳಗೇನಿರ್ತದೆ?" ಎಂದಳು ಮತ್ತೆ.

"ಹಿಂದಿನ ಕಾಲದೋರು ಚಿನ್ನ ಹುಗಿದಿಟ್ಟಿದ್ದರು, ಅದು ಸಿಗಲಿ ಅಂತಲೇ ದೇವರು ಗೋಡೆ ಒಡೆಸಿದ ಅಂತ ಒಬ್ಬ ಹಿರೀಕ ಬರೆದಿದಾನೆ."

ಇದನ್ನು ಕೇಳಿಸಿಕೊಂಡ ಆ ಹುಡುಗಿಯ ಅಜ್ಜಿ ಎದುರಿನ ತಮ್ಮ ಜಗಲಿಯಿಂದಲೇ ಕೂಗಿದಳು: "ಏನಪ್ಪಾ, ಹಂಗಾರೆ ನಮ್ಮ ಮನೆ ಗೋಡೆನೂ ಒಡೆದ್ಬಿಡು! ಚಿನ್ನ ಬಂದ್ರೆ ನಿಂಗರ್ಧ. ಇಲಿ ಬಂದ್ರೆ ಪೂರ್ತಿ ನೀನೇ ಇಟ್ಕೋ!"

ಎಲ್ಲರೂ ನಕ್ಕೆವು. ಅವರೂ ನಕ್ಕರು. ಆಮೇಲೆ ಅವರು ಹೇಳಿದ ಮಾತು ನನಗೆ ನೆನಪಿದೆ. ಪೂಜಾರಿ ಮನೆಯೊಳಗೆ ಕಾಲಿಡುವ ಮುಂಚೆ ಸಾಮಾನೆಲ್ಲ ಹೊರಗೆ ಸಾಗಿಸಲು ಬಿಡುತ್ತಾನಂತೆ. ಅವನು ನೋಡಿ ಮೈಲಿಗೆ ಎಂದುಬಿಟ್ಟರೆ ಒಳಗಿರುವ ಮಣ್ಣಿನ ಕುಡಿಕೆಯೂ ಹಾಳು. "ಬಡವನ ಕುಡಿಕೆ ಮೇಲೇ ದೇವರಿಗೆ ಇಷ್ಟು ಕರುಣೆ ಇದ್ದರೆ, ಬಡವನ ಮೇಲೆ ಎಷ್ಟಿರಬೇಕು?" ಎಂದರು.

ಬರೀ ಹೇಳಿದ್ದಲ್ಲ, ಮಾಡಿಯೂ ಮಾಡುತ್ತಿದ್ದರು. ಬಡವರ ಕೇರಿಗೆ ಹೋಗುವುದಿದ್ದರೆ ಹಿಂದಿನ ದಿನವೇ ಸುದ್ದಿ ಮುಟ್ಟಿಸುತ್ತಿದ್ದರು. ಅವರು ತೊಟ್ಟಿಲು, ಕಂಬಳಿ, ಒನಕೆ ಎಲ್ಲ ಹೊರಗೆ ಬಿಸಿಲಿಗೆ ಹಾಕಿಕೊಂಡಿರುತ್ತಿದ್ದರು. ಬೆಂಕಿಗೆ ಹೋಗುವುದು ಉಳಿಯುತ್ತಿತ್ತು. ಇದು ತರೀಕೆರೆಯ ಅಮಲ್ದಾರರಿಗೆ ಗೊತ್ತಾಗಿ, "ನಿಮ್ಮ ಪುರಾಣ ಮನೇಲಿಟ್ಕೊಳ್ಳಿ, ಸರ್ಕಾರದ ರೂಲ್ಸು ಓದಿ" ಎಂದು ಎಲ್ಲರೆದುರು ಬೈದರು. ಇನ್ಸ್‌ಪೆಕ್ಟರು ಕೈಕಟ್ಟಿ ನಿಂತು ಕೇಳಿ, ಮುಂದಿನ ವಾರ ಮತ್ತೆ ಸುದ್ದಿ ಮುಟ್ಟಿಸಿದರು. ಹಾಗೆಂದು ಕೆಲಸದಲ್ಲಿ ಸಡಿಲ ಅನ್ನುವ ಹಾಗಿರಲಿಲ್ಲ. ಒಂದು ಶನಿವಾರ ಓದುತ್ತಾ ಕೂತಿದ್ದಾಗ, ನೇಕಾರರ ಮನೆಯಲ್ಲಿ ಜ್ವರದ ಹೆಂಗಸನ್ನು ನೆಲದೊಳಗಿನ ಜೋಳದ ಹಗೇವಿನಲ್ಲಿ ಬಚ್ಚಿಟ್ಟಿದ್ದಾರೆಂದು ಯಾರೋ ಬಂದು ಪಿಸುಗುಟ್ಟಿದರು. ತಟ್ಟನೆ ಪುಸ್ತಕ ಮುಚ್ಚಿ ಎದ್ದರು. "ಶನಿವಾರ ಅಲ್ವೇನ್ರೀ?" ಎಂದು ಆ ಬಾಯಾಳಿ ಹುಡುಗಿ ಕೇಳಿದ್ದಕ್ಕೆ, ಬಾಗಿಲಲ್ಲಿ ತಿರುಗಿ, "ಜೀವದ ಮಾತು ಬಂದಾಗ ಶನಿವಾರ ಇಲ್ಲ. ಅದನ್ನೂ ಈ ಪುಸ್ತಕದೋರೇ ಹೇಳಿದಾರೆ" ಎಂದು ಓಡಿದರು.

ಇನ್ನು ಅಕ್ಕನ ವಿಷಯ. ಅಕ್ಕ ಎಂದರೆ ನಿಮ್ಮ ದೊಡ್ಡಜ್ಜಿ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ಮದುವೆ ಹಿಂದಿನ ವರ್ಷವೇ ಸಖರಾಯಪಟ್ಟಣದ ಕಡೆಯವರೊಂದಿಗೆ ಗೊತ್ತಾಗಿತ್ತು. ಚಪ್ಪರ ಹಾಕಿದ ಮೂರನೆಯ ದಿನ ಹಿಂದಿನ ಬೀದಿಯಲ್ಲಿ ಇಲಿ ಬಿತ್ತು. ಊರೇ ಖಾಲಿಯಾಯಿತು. ಚಪ್ಪರ ಅಲ್ಲಿಯೇ ಒಣಗಿತು. ಗಂಡಿನವರು ಬೇರೆ ಕಡೆ ಹೆಣ್ಣು ತಂದುಕೊಂಡರು. ಆಮೇಲೆ ಒಂದು ವರ್ಷ ಅಕ್ಕ ಬಾವಿಕಟ್ಟೆಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಇವಳ ಕಾಲ್ಗುಣಕ್ಕೆ ಮಾರಿ ಬಂತು ಎಂದು ಅವಳ ಕಿವಿಗೆ ಬೀಳುವಂತೆಯೇ ಹೇಳುತ್ತಿದ್ದರು.

ಈ ಸಲ ಕಡೂರಿನಾಚೆಯ ಒಂದು ಒಳ್ಳೆಯ ಮನೆತನ ಒಪ್ಪಿತ್ತು. ಹುಡುಗನಿಗೆ ಇಪ್ಪತ್ತು. ನೋಡಲು ಬಂದಾಗ ನನಗೆ ಬಣ್ಣದ ಬುಗುರಿ ತಂದುಕೊಟ್ಟಿದ್ದ. ಸೋಮವಾರ ಧಾರೆ. ಐದು ದಿನದ ಮದುವೆ. ಇನ್ಸ್‌ಪೆಕ್ಟರು ಗುರುವಾರವೇ ಬಂದು ಕಾಳಿನ ಕೋಣೆಯ ಚೀಲಗಳನ್ನೆಲ್ಲ ಸರಿಸಿ, ಗೋಡೆಗೆ ಕಿವಿಯಿಟ್ಟು ಕುಟ್ಟಿ ನೋಡಿ, ಚೆನ್ನಾಗಿದೆ ಎಂದಿದ್ದರು. "ಸಾವಕಾರ್ರೇ, ಎಲ್ಲರೂ ಪ್ಲೇಗಿನ ಸೂಜಿ ಹಾಕಿಸ್ಕೊಂಡ್ಬಿಡಿ" ಎಂದರು. ಸೂಜಿ ಹಾಕಿಸಿಕೊಂಡರೆ ಎರಡು ದಿನ ಜ್ವರ ಬರುತ್ತಿತ್ತು. "ಮದುವೆ ಮುಗೀಲಿ ಸ್ವಾಮಿ" ಎಂದ ಅಪ್ಪ.

ಶುಕ್ರವಾರ ಅಕ್ಕ ನನ್ನ ತಲೆ ಬಾಚುತ್ತಾ ಹೇಳಿದಳು. ಮೆಲ್ಲಗೆ, ಬೇರೆ ಯಾರದೋ ವಿಷಯ ಹೇಳಿದ ಹಾಗೆ. "ಈ ಸಲಾನೂ ನಿಂತೋದ್ರೆ ನಾನು ಬಾವಿ ನೋಡ್ಕೋತೀನಿ ಕಣೇ."

ಶನಿವಾರ ಬೆಳಿಗ್ಗೆ ಅವ್ವ ಕಾಳಿನ ಕೋಣೆಯಿಂದ ಮೊರ ತರಲು ನನ್ನನ್ನು ಕಳಿಸಿದಳು. ಚೀಲಗಳ ಸಂದಿನಿಂದ ಅದು ಹೊರಗೆ ಬಂತು. ನನ್ನನ್ನು ನೋಡಿತು, ಓಡಲಿಲ್ಲ. ನನ್ನ ಕಾಲ ಹತ್ತಿರ ಎರಡು ಸುತ್ತು ಹಾಕಿತು. ಮಗುಚಿಕೊಂಡಿತು. ಹೊಟ್ಟೆ ಸ್ವಲ್ಪ ಹೊತ್ತು ಅದುರಿ ನಿಂತಿತು. ಹೊರಗೆ ಚಪ್ಪರದಲ್ಲಿ ಸೋದರತ್ತೆಯರು ಹಾಡು ಹೇಳಿಕೊಳ್ಳುತ್ತಿದ್ದರು. ನಾನು ಒಡೆದ ಹೆಂಚಿನ ಮೇಲೆ ಅದನ್ನು ಕೋಲಿನಿಂದ ತಳ್ಳಿಕೊಂಡು ಹಿತ್ತಿಲಿಗೆ ಹೋಗಿ, ತಿಪ್ಪೆಯಲ್ಲಿ ಹುಗಿದು, ಮೇಲೆ ಬೂದಿ ಹಾಕಿದೆ. ಮೊರ ತಂದು ಅವ್ವನಿಗೆ ಕೊಟ್ಟೆ.

ಹೇಳಿದರೆ ಅಕ್ಕ ಬಾವಿಗೆ ಬೀಳುತ್ತಾಳೆ. ಹೇಳದಿದ್ದರೆ? ಹತ್ತು ವರ್ಷದ ನನ್ನ ತಲೆಯಲ್ಲಿ ಆ ಎರಡನೆಯದು ಪೂರ್ತಿ ಮೂಡಲೇ ಇಲ್ಲ. ಇಡೀ ದಿನ ಚಪ್ಪರಕ್ಕೂ ಹಿತ್ತಿಲಿಗೂ ಓಡಾಡಿದೆ. ಸಂಜೆ ಜಗಲಿಗೆ ಹೋದೆ. ಆ ವಾರದ ಪಾಠ ಅದೇ ಆಗಿತ್ತು, ಮಚ್ಚೆಯದು, ಮನೆಯದು. ಅವರು ಓದಿ ಮುಗಿಸಿ, "ಪ್ರಶ್ನೆ?" ಎಂದರು. ನನ್ನ ಬಾಯಿಂದ ಮಾತು ಹೊರಟಾಗ ನನಗೇ ಗಾಬರಿಯಾಯಿತು.

"ಮದುವೆ ಮನೇಲಿ ಕಂಡ್ರೆ?"

ಇನ್ಸ್‌ಪೆಕ್ಟರು ಪುಸ್ತಕದಿಂದ ತಲೆಯೆತ್ತಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ನೋಡ್ರೋ! ಎರಡು ವರ್ಷ ಕಂಬದ ಹಿಂದೆ ಕೂತು ಎಂಥಾ ಪ್ರಶ್ನೆ ತಂದಿದಾಳೆ! ನಮ್ಮ ಹಿರಿಯರ ಬಾಯಿಂದಲೇ ಕಿತ್ಕೊಂಡು ಬಂದ ಹಾಗಿದೆ."

"ಕಂಡ್ರೆ ಏನ್ ಮಾಡ್ತಾರೆ?" ಎಂದೆ ಮತ್ತೆ.

"ಬಿಡ್ತಾರೆ, ಬಾಳಾ. ಮದುಮಗನ ಮೈಮೇಲೆ ಕಾಣಲಿ, ಅವನ ಬಟ್ಟೇಲಿ ಕಾಣಲಿ, ಮನೇಲಿ ಕಾಣಲಿ, ಪೂಜಾರಿ ನೋಡೋಕೇ ಬರೋದಿಲ್ಲ. ಅವನ ಸಂತೋಷ ಕೆಡಿಸಬಾರದು ಅಂತ ಮದುವೆಯ ಏಳು ದಿನ ಬಿಟ್ಟುಬಿಡ್ತಾರೆ. ಆಮೇಲೇ ನೋಡೋದು." ಬೆರಳೆತ್ತಿದರು. "ಈಗ ನನ್ನ ಪ್ರಶ್ನೆ. ರೋಗ ಇದ್ದರೂ ಇರಬಹುದು, ಆದರೂ ಏಳು ದಿನ ಬಿಡ್ತಾರಲ್ಲ, ಯಾಕೆ? ಹೇಗೆ ಬಿಡೋಕೆ ಸಾಧ್ಯ? ಮುಂದಿನ ಶನಿವಾರದ ತನಕ ತಲೇಲಿ ಇಟ್ಕೊಳ್ಳಿ."

ಪುಸ್ತಕ ಮುಚ್ಚಿದರು. ಏಳು ದಿನ ಬಿಡಬಹುದು. ಇನ್ಸ್‌ಪೆಕ್ಟರೇ ಹೇಳಿದ್ದಾರೆ, ಅವರ ಪುಸ್ತಕವೇ ಹೇಳಿದೆ. ಅಕ್ಕನ ಮದುವೆ ಐದೇ ದಿನ.

ಭಾನುವಾರ ದಿಬ್ಬಣ ಬಂತು. ಅದೇ ದಿನ ಇನ್ಸ್‌ಪೆಕ್ಟರು ಶಿವನಿಯ ಕಡೆ ಹಳ್ಳಿಗಳಿಗೆ ಹೋದರು. ಮದುಮಗನಿಗೂ ಅವನ ಸೋದರಮಾವನಿಗೂ ತಂಪಾಗಿದೆ ಎಂದು ಕಾಳಿನ ಕೋಣೆಗೆ ಅಂಟಿಕೊಂಡ ಕೋಣೆಯಲ್ಲೇ ಹಾಸಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮದುಮಗ "ಬುಗುರಿ ಆಡಿದ್ಯಾ?" ಎಂದ. ತಲೆ ಆಡಿಸಿ ಓಡಿದೆ.

ಸೋಮವಾರ ಧಾರೆಯಾಯಿತು. ಅಕ್ಕ ನಕ್ಕಿದ್ದನ್ನು ಒಂದು ವರ್ಷದ ಮೇಲೆ ನೋಡಿದೆ. ಮಂಗಳವಾರ ಊಟದ ಪಂಕ್ತಿಯ ನಡುವೆ ನಮ್ಮಜ್ಜಿ, ಅಪ್ಪನ ತಾಯಿ, ಯಾಕೋ ನಡುಕ ಎಂದು ಕಂಬಳಿ ಹೊದ್ದು ಮಲಗಿದಳು. ವಯಸ್ಸಾಯಿತು, ಓಡಾಟ ಹೆಚ್ಚಾಯಿತು ಎಂದರು. ಬುಧವಾರ ಕಾಳಿನ ಕೋಣೆಯಿಂದ ಏನೋ ಕೊಳೆತ ವಾಸನೆ. ಅವ್ವ ಸಾಂಬ್ರಾಣಿ ಹಾಕಿದಳು. ಅವಳಿಗೂ ಗೊತ್ತಾಗಿತ್ತೋ ಏನೋ. ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಇಬ್ಬರೂ ಮಾತಾಡಲಿಲ್ಲ. ಗುರುವಾರ ಬೆಳಿಗ್ಗೆ ಮದುಮಗ ಎದ್ದು ಬರಲಿಲ್ಲ. ಕಣ್ಣು ಕೆಂಡದಂತಿತ್ತು. ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಅಕ್ಕ ಅರಿಶಿನದ ಸೀರೆಯಲ್ಲೇ ಗೋಡೆಗೆ ಆನಿಕೊಂಡು ನಿಂತಿದ್ದಳು.

ಶನಿವಾರ ಮಧ್ಯಾಹ್ನ ಮದುಮಗ ಹೋದ. ಸುದ್ದಿ ತಿಳಿದು ಇನ್ಸ್‌ಪೆಕ್ಟರು ಶಿವನಿಯಿಂದ ರೈಲು ಹತ್ತಿ ಬರುವ ಹೊತ್ತಿಗೆ ಸೋದರಮಾವನೂ ಮಲಗಿದ್ದ. ಸೋಮವಾರದ ಹೊತ್ತಿಗೆ ಅವನೂ ಇಲ್ಲ, ಅಜ್ಜಿಯೂ ಇಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಇಟ್ಟು ಸಮಾಧಿ ಮಾಡುತ್ತೇವೆ. ಇವರನ್ನು ಮಲಗಿಸಿ, ಮೇಲೆ ಸುಣ್ಣ ಸುರಿದರು.

ಮಂಗಳವಾರ ಬೆಳಿಗ್ಗೆ ತರೀಕೆರೆಯಿಂದ ಅಮಲ್ದಾರರು ಬಂದು ಕೆರೆ ಏರಿಯ ಕೆಳಗೆ, ಗುಡಿಸಲುಗಳ ಮುಂದೆ ಕುರ್ಚಿ ಹಾಕಿಸಿ ಕೂತರು. ಬೀಗರು ಒಂದು ಕಡೆ, ನಮ್ಮವರು ಒಂದು ಕಡೆ. ಮೊದಲು ಇಲಿ ಯಾವಾಗ ಬಿತ್ತು ಎಂದು ಕೇಳಿದರು. ಅಪ್ಪ ಗೊತ್ತಿಲ್ಲ ಎಂದ. ಆಗ ನಮ್ಮ ಕೊಟ್ಟಿಗೆ ಗುಡಿಸುವ ಹೆಂಗಸು ನಡುಗುತ್ತಾ ಮುಂದೆ ಬಂದಳು.

"ಬುದ್ಧೀ, ಧಾರೆಗೆ ಮುಂಚಿನ ಶನಿವಾರ ಚಿಕ್ಕವ್ವ ಹೆಂಚಿನ ಮ್ಯಾಲೆ ಇಲಿ ತಂದು ತಿಪ್ಪೇಲಿ ಹುಗಿದ್ದನ್ನ ನಾ ಕಂಡೆ."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಮದುಮಗನ ಅಪ್ಪ ಎದ್ದು ನಿಂತ. "ಈ ಕೂಸಿಗೆ ಗೊತ್ತಿತ್ತು! ಗೊತ್ತಿದ್ದೂ ನನ್ನ ಮಗನ್ನ ಆ ಕೋಣೇಲಿ ಮಲಗಿಸಿದ್ರಾ? ಏ ಹುಡುಗೀ, ಯಾರಿಗೆ ಹೇಳ್ದೆ ನೀನು? ಬೊಗಳೇ!"

ಅಕ್ಕನ ಮುಖ ನೋಡಿದೆ. ಅವಳು ನನ್ನನ್ನು ಎಂದೂ ನೋಡಿಲ್ಲದವಳಂತೆ ನೋಡುತ್ತಿದ್ದಳು.

"ನನಗೆ ಹೇಳಿದಳು."

ಇನ್ಸ್‌ಪೆಕ್ಟರು ಗುಂಪಿನ ಹಿಂದಿನಿಂದ ಬಂದು ನನಗೂ ಬೀಗರಿಗೂ ನಡುವೆ ನಿಂತರು.

"ನಿಮಗೆ ಹೇಳಿದ್ಲಾ?" ಎಂದರು ಅಮಲ್ದಾರರು. "ಯಾವಾಗ?"

"ಅದೇ ಶನಿವಾರ ಸಂಜೆ."

"ನೀವೇನು ಮಾಡಿದ್ರಿ?"

"ಮದುವೆ ಮನೆ, ಏಳು ದಿನ ಬಿಡ್ತಾರೆ ಅಂದೆ."

"ಯಾವ ರೂಲಿನಲ್ಲಿದೆ ಅದು?"

"ಸರ್ಕಾರದ ರೂಲಿನಲ್ಲಿಲ್ಲ. ನಮ್ಮ ಶಾಸ್ತ್ರದಲ್ಲಿದೆ."

ಅಮಲ್ದಾರರು "ನಿಮಗೆ ತಲೆ ಕೆಟ್ಟಿದೆಯೇನ್ರೀ?" ಎಂದರು. ಮೊದಲೂ ಪುಸ್ತಕ ನೋಡಿಕೊಂಡು ರೂಲು ಮೀರಿದವರೇ ಎಂದು ಅವರಿಗೆ ಗೊತ್ತಿತ್ತು. ಒಬ್ಬರೂ ಅನುಮಾನ ಪಡಲಿಲ್ಲ. ಬೀಗರ ಕಡೆಯಿಂದ ಮೊದಲ ಮಣ್ಣಿನ ಹೆಂಟೆ ಬಂದು ಅವರ ಭುಜಕ್ಕೆ ಬಿತ್ತು. ಆಮೇಲೆ ಚಪ್ಪಲಿ. ಎದುರು ಕೋಣೆ ಕೊಟ್ಟಿದ್ದ ನಮ್ಮಪ್ಪ ಅವರ ಮುಖಕ್ಕೆ ಉಗುಳಿದ. ಅವರು ಒರೆಸಿಕೊಳ್ಳಲಿಲ್ಲ. ಬೆನ್ನ ಹಿಂದೆ ಒಂದು ಕೈ ಚಾಚಿ, ನಾನು ಮುಂದೆ ಬಾರದಂತೆ ತಡೆದಿದ್ದರು.

ಅವತ್ತೇ ಕೆಲಸದಿಂದ ತೆಗೆದರು. ಮಧ್ಯಾಹ್ನ ಅವರು ಸ್ಟೇಷನ್ನಿನ ಬೇಲಿಯ ಹತ್ತಿರ ಒಂದು ಟ್ರಂಕಿನ ಮೇಲೆ ಕೂತಿದ್ದರು. ನೀರಿಗೆ ಹೋಗುತ್ತೇನೆಂದು ಹೇಳಿ ಅಲ್ಲಿಗೆ ಓಡಿದೆ.

"ನಾನು ಹೇಳ್ಲಿಲ್ವಲ್ಲ" ಎಂದೆ. "ನೀವು ಸುಳ್ಳು ಹೇಳಿದ್ರಿ."

"ನೀನು ಹೇಳಿದೆ, ಬಾಳಾ. ಎರಡು ವರ್ಷ ಬಾಯಿಬಿಡದ ಹುಡುಗಿ ಬಾಯಿಬಿಟ್ಟಳು. ಮದುವೆ ಮನೆ ಅಂದಳು. ಎದುರಿಗೆ ನಿಮ್ಮ ಚಪ್ಪರ ಕಾಣ್ತಾ ಇತ್ತು. ಯಾಕೆ ಕೇಳ್ತೀಯ ಅಂತ ನಾನು ಒಂದು ಮಾತು ಕೇಳಲಿಲ್ಲ. ಎಂಥಾ ಒಳ್ಳೇ ಪ್ರಶ್ನೆ ಅಂತ ಹಿಗ್ಗಿಬಿಟ್ಟೆ." ಮುಖ ತಿರುಗಿಸಿಕೊಂಡರು. "ಊರಿನ ಗೋಡೆಗೆಲ್ಲಾ ಕಿವಿಯಿಟ್ಟು ಕೇಳಿದೋನು."

ಸಿಗ್ನಲ್ಲು ಇಳಿಯಿತು. ನನಗೆ ಬೇರೆ ಏನು ಕೇಳಬೇಕೋ ತಿಳಿಯಲಿಲ್ಲ.

"ಏಳು ದಿನ ಯಾಕೆ ಬಿಡ್ತಾರೆ?"

"ಆ ರೋಗ ಅಂಟೋದಿಲ್ಲ" ಎಂದರು. "ಆಡಬಾರದ ಮಾತು ಆಡಿದ್ದಕ್ಕೆ ದೇವರು ಮೈಮೇಲೆ ಹಾಕೋ ಗುರುತು ಅದು ಅಂತ ನಮ್ಮೋರು ಹೇಳ್ತಾರೆ. ಅಂಟುರೋಗ ಆಗಿದ್ದರೆ ಬಿಡ್ತಿದ್ದರಾ? ಸಾಮಾನು ಹೊರಗೆ ಸಾಗಿಸೋಕೆ ಬಿಡ್ತಿದ್ದರಾ? ಅದೇ ಉತ್ತರ. ಎರಡೇ ಮಾತಿನದು. ಅವತ್ತೇ ಹೇಳಬಹುದಿತ್ತು."

ರೈಲು ಬಂತು. ಟ್ರಂಕನ್ನು ಮುಂಗೈಗಳ ಮೇಲೆ ಎತ್ತಿಕೊಂಡು ಹತ್ತಿದರು. "ಯಾರಿಗೂ ಹೇಳಬೇಡ" ಎಂದರು. "ಹೇಳಿದರೆ ಅವರು ನಿನ್ನನ್ನ ಬದುಕೋಕೆ ಬಿಡೋದಿಲ್ಲ."

ಆಮೇಲೆ ನನ್ನನ್ನು ಕಡೂರಿಗೆ ಕೊಟ್ಟರು. ಮದುವೆಯಾದ ಆರೇಳು ವರ್ಷಕ್ಕೆ ಅಲ್ಲಿನ ಆಸ್ಪತ್ರೆಯಲ್ಲಿ ನಿಮ್ಮಪ್ಪನಿಗೆ ಔಷಧ ತರಲು ಹೋದಾಗ ಒಬ್ಬ ಮುದುಕ ಕಾಂಪೌಂಡರ್ ಸಿಕ್ಕಿದ, ಹಿಂದೆ ಇನ್ಸ್‌ಪೆಕ್ಟರ ಕೈಕೆಳಗೆ ಇದ್ದವನು. ಅವರು ಸಂಬಳವಿಲ್ಲದೆ ಹೊಳೆಯಾಚೆಯ ಪ್ಲೇಗ್ ಕ್ಯಾಂಪುಗಳಲ್ಲಿ ರೋಗಿಗಳ ಚಾಕರಿಗೆ ನಿಂತಿದ್ದರಂತೆ. ಎರಡನೆಯ ವರ್ಷ ಅದೇ ಜ್ವರ. ಮೂರು ದಿನ. ಅವರ ಜನದ ಮಂತ್ರ ಹೇಳಲು ಬರುವವರು ಯಾರೂ ಇರಲಿಲ್ಲವಂತೆ. ನಾನು ಔಷಧದ ಶೀಸೆ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ನಮ್ಮಲ್ಲಿ ಉಡಿಕೆ ಉಂಟು, ಅಕ್ಕನಿಗೆ ಮತ್ತೆ ಮದುವೆ ಮಾಡಬಹುದಿತ್ತು. ಅವಳು ಒಪ್ಪಲಿಲ್ಲ. ನಿಮ್ಮ ತಾತ ಹೋದ ಮೇಲೆ ನನ್ನ ಜೊತೆಗೇ ಬಂದು ಇದ್ದಳು. ನೀವೆಲ್ಲ ಅವಳ ತೊಡೆಯ ಮೇಲೆ ಬೆಳೆದವರು. ಅವಳು ಆ ಮನುಷ್ಯನನ್ನು ಶಪಿಸದೆ ಒಂದು ಯುಗಾದಿಯನ್ನೂ ಕಳೆಯಲಿಲ್ಲ. "ಆ ಶನಿವಾರದವನ ವಂಶ ನಿರ್ವಂಶ ಆಗ" ಎನ್ನುತ್ತಿದ್ದಳು. ನಾನು ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಹತ್ತು ವರ್ಷದ ಕೂಸು ಸುಮ್ಮನಿದ್ದದ್ದನ್ನು ದೇವರು ಕ್ಷಮಿಸಿಯಾನು. ನಲವತ್ತು, ಐವತ್ತು, ಅರವತ್ತು ವರ್ಷದ ಹೆಂಗಸು ಸುಮ್ಮನಿದ್ದದ್ದಕ್ಕೆ ಏನು ಹೇಳಲಿ?

ಹೋದ ಮಾಘದಲ್ಲಿ ಅಕ್ಕ ಹಾಸಿಗೆ ಹಿಡಿದಾಗ ನಾನೇ ಅವಳ ಬಾಯಿಗೆ ಗಂಜಿ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಚಮಚ ತಡೆದು ನನ್ನ ಕೈ ಹಿಡಿದುಕೊಂಡಳು. ಈ ಸಲ ಹೇಳಿಯೇ ಬಿಡಬೇಕೆಂದು ನಾನೂ ತೀರ್ಮಾನ ಮಾಡಿಕೊಂಡು ಬಂದಿದ್ದೆ.

"ಒಂದು ಮಾತು ಕಣೇ" ಎಂದಳು ಅಕ್ಕ. "ಅವತ್ತು ಮನೆ ತುಂಬಾ ಜನ ಇದ್ರು. ಅವ್ವನಿಗೂ ವಾಸನೆ ಬಂದಿತ್ತು, ನಂಗೊತ್ತು. ಯಾರೂ ಬಾಯಿ ಬಿಡ್ಲಿಲ್ಲ. ಅಷ್ಟು ನಾಚಿಕೆಯೋಳು, ನೀನೊಬ್ಳೇ ಹೋಗಿ ಹೇಳ್ದೆ. ಇಷ್ಟು ವರ್ಷ ನಿನ್ನ ಮುಖ ನೋಡ್ಕೊಂಡೇ ಬದುಕಿದೀನಿ."

ನಾನು ಅವಳ ತುಟಿ ಒರೆಸಿ, ಇನ್ನೊಂದು ಚಮಚ ಗಂಜಿ ಹಾಕಿದೆ.